ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಆಧುನಿಕ ಭಾರತದ ಹಡಗು, ವಿಮಾನ ಮತ್ತು ಮೋಟಾರು ಉದ್ಯಮಗಳ ಆದ್ಯ ಪ್ರವರ್ತಕರಲ್ಲಿ ಒಬ್ಬರು. ಇವರ ಹುಟ್ಟೂರು ಸೊಲ್ಲಾಪುರ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಇವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯೇ ಇಂದಿನ ಎಚ್.ಎ.ಎಲ್. ಸಂಸ್ಥೆಯ ಮೂಲ. ಈ ಕಾರ್ಖಾನೆ ಆರಂಭವಾದದ್ದು ಸ್ವತಂತ್ರ ಭಾರತದ ರಕ್ಷಣೆಗಾಗಿ ಅಲ್ಲ, ಎರಡನೆಯ ಮಹಾಯುದ್ಧದಲ್ಲಿ ತೊಡಗಿದ್ದ ಬ್ರಿಟಿಷ್ ಸಾಮ್ರಾಜ್ಯಕ್ಕೆ ವಿಮಾನಗಳನ್ನು ಒದಗಿಸುವುದಕ್ಕಾಗಿ. ಆ ಯುದ್ಧಕ್ಕೆ ನೆರವು ನೀಡಬಾರದೆಂದು ದೇಶದಲ್ಲಿ ಸತ್ಯಾಗ್ರಹ ನಡೆಯುತ್ತಿದ್ದ ತಿಂಗಳುಗಳಲ್ಲಿಯೇ ಕಂಪನಿ ನೋಂದಣಿಯಾಯಿತು. ಆದ್ದರಿಂದ ಯುದ್ಧಸಾಮಗ್ರಿಯನ್ನು ತಯಾರಿಸಿ ಅನ್ಯರಿಗೆ ಮಾರುವ ಬಗ್ಗೆ ಭಾರತದ ಲೋಕಾಭಿಪ್ರಾಯ ಹೇಗೆ ರೂಪುಗೊಂಡಿತು ಎಂಬುದನ್ನು ಅರಿಯಲು ವಾಲ್‌ಚಂದ್ ಅವರ ಜೀವನ ಒಂದು ಮುಖ್ಯ ಆಧಾರವಾಗಿದೆ.

ಜನನ ಮತ್ತು ಶಿಕ್ಷಣ

ವಾಲ್‌ಚಂದ್ ಅವರು ಗುಜರಾತಿನಿಂದ ಬಂದು ಸೊಲ್ಲಾಪುರದಲ್ಲಿ ನೆಲೆಸಿದ್ದ ದಿಗಂಬರ ಜೈನ ಮನೆತನವೊಂದರಲ್ಲಿ ಜನಿಸಿದರು. ತಂದೆ ಹೀರಾಚಂದ್ ದೋಶಿ ಹತ್ತಿ ವ್ಯಾಪಾರ ಮತ್ತು ಲೇವಾದೇವಿಯಲ್ಲಿ ತೊಡಗಿದ್ದರು. ಸೊಲ್ಲಾಪುರ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜವಳಿ ಪಟ್ಟಣ. ಕನ್ನಡ, ಮರಾಠಿ, ತೆಲುಗು, ಗುಜರಾತಿ ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತಿದ್ದ ಊರು ಅದು. ಇಂದಿಗೂ ಹಾಗೆಯೇ ಇದೆ. ಸೊಲ್ಲಾಪುರದಲ್ಲಿ ಪ್ರೌಢಶಿಕ್ಷಣ ಮುಗಿಸಿದ ವಾಲ್‌ಚಂದ್ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದರು. ಪದವಿ ಪೂರ್ಣಗೊಳ್ಳುವ ಮೊದಲೇ ಮನೆತನದ ವ್ಯವಹಾರಕ್ಕೆ ಇಳಿಯಬೇಕಾಯಿತು.

ಮನೆತನದ ವ್ಯಾಪಾರ ಅವರಿಗೆ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಬಳವಂತ ಫಾಟಕ್ ಅವರೊಡನೆ ಪಾಲುದಾರಿಕೆ ಮಾಡಿಕೊಂಡು ರೈಲುಮಾರ್ಗ ನಿರ್ಮಾಣದ ಗುತ್ತಿಗೆಗಳನ್ನು ಹಿಡಿದರು. ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಕೆಲಸದಿಂದ ಶುರುವಾದ ಈ ಉದ್ಯೋಗ ಭೋರ್ ಘಾಟಿನ ಸುರಂಗಗಳವರೆಗೆ ಬೆಳೆಯಿತು. 1926ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ದೇಶದ ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲಿ ಒಂದಾಯಿತು. ಸರ್ಕಾರದ ಕೆಲಸ ಮಾಡುತ್ತಲೇ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವ ರೂಢಿ ಅವರಿಗೆ ಈ ಗುತ್ತಿಗೆಯ ದಿನಗಳಿಂದಲೇ ಬಂದಂತಿದೆ.

ಹಡಗು ಉದ್ಯಮ

ಮೊದಲನೆಯ ಮಹಾಯುದ್ಧ ಮುಗಿದಾಗ ಗ್ವಾಲಿಯರ್ ಮಹಾರಾಜರ ಬಳಿ ಲಾಯಲ್ಟಿ ಎಂಬ ಉಗಿಹಡಗೊಂದು ಮಾರಾಟಕ್ಕಿತ್ತು. ಮೂಲತಃ ಕೆನಡಾದ ಕಂಪನಿಯೊಂದರ ಪ್ರಯಾಣಿಕ ಹಡಗಾಗಿದ್ದ ಇದನ್ನು ಮಹಾರಾಜರು ಯುದ್ಧಕಾಲದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯಾಗಿ ಮಾರ್ಪಡಿಸಿದ್ದರು. ವಾಲ್‌ಚಂದ್ ಅವರು ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್ ಮತ್ತು ಲಲ್ಲೂಭಾಯಿ ಸಾಮಳದಾಸ್ ಅವರೊಡನೆ ಸೇರಿ ಹಡಗನ್ನು ಕೊಂಡು, ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಭಾರತದಲ್ಲಿ ರಾಷ್ಟ್ರೀಯ ನೌಕಾಯಾನ ದಿನವಾಗಿ ಆಚರಿಸಲಾಗುತ್ತದೆ.

ಭಾರತದ ಕರಾವಳಿ ಸಾಗಾಣಿಕೆ ಆಗ ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿತ್ತು. ಅವು ಸರಕಿನ ದರವನ್ನು ಬೇಕೆಂದೇ ಇಳಿಸಿ ಹೊಸ ಕಂಪನಿಯನ್ನು ಮುಳುಗಿಸಲು ಯತ್ನಿಸಿದವು. ಸಿಂಧಿಯಾ ಉಳಿದುಕೊಂಡಿತು, ಆದರೆ 1923ರಲ್ಲಿ ಬ್ರಿಟಿಷ್ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದಿಂದ ಅದರ ಬೆಳವಣಿಗೆಗೆ ಮಿತಿ ಬಿತ್ತು. ಕರಾವಳಿ ವ್ಯಾಪಾರವನ್ನು ಭಾರತೀಯ ಹಡಗುಗಳಿಗೇ ಮೀಸಲಿಡಬೇಕೆಂದು 1928ರಲ್ಲಿ ಎಸ್. ಎನ್. ಹಾಜಿ ಅವರು ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಮಸೂದೆ ಕಾಯಿದೆಯಾಗಲಿಲ್ಲವಾದರೂ ಹಡಗಿನ ಪ್ರಶ್ನೆ ವ್ಯಾಪಾರಿಗಳ ಅಹವಾಲಿನ ಮಟ್ಟ ದಾಟಿ ಸ್ವದೇಶಿ ಚಳವಳಿಯ ವಿಷಯವಾಯಿತು. 1929ರಲ್ಲಿ ವಾಲ್‌ಚಂದ್ ಕಂಪನಿಯ ಅಧ್ಯಕ್ಷರಾಗಿ 1950ರವರೆಗೆ ಆ ಸ್ಥಾನದಲ್ಲಿದ್ದರು. ಭಾರತೀಯ ವಾಣಿಜ್ಯ ಮತ್ತು ಕೈಗಾರಿಕಾ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿಯೂ ಅವರು ಕೆಲಸ ಮಾಡಿದರು.

ಸಕ್ಕರೆ ಉದ್ಯಮದಲ್ಲಿ ಇವರ ಹೆಸರು ರಾವಳಗಾಂವ್ ಮತ್ತು ವಾಲ್‌ಚಂದ್‌ನಗರಗಳೊಡನೆ ಸೇರಿಕೊಂಡಿದೆ.

ಮೋಟಾರು ಕಾರ್ಖಾನೆಯ ಯತ್ನ

1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ವಾಹನಗಳನ್ನು ತಯಾರಿಸುವ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಬಂದರು. ವಾಲ್‌ಚಂದ್ ಈ ಯೋಜನೆಯನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಸಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಲು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಬಲ ನೀಡಲು ಸಿದ್ಧವಿತ್ತು. ಭಾರತ ಸರ್ಕಾರ ಅಡ್ಡಿ ಮಾಡಿದ್ದರಿಂದ ಬೆಂಗಳೂರಿನ ಯೋಜನೆ ಕೈಗೂಡಲಿಲ್ಲ. ಮೋಟಾರು ತಯಾರಿಕೆ ಯುದ್ಧಕ್ಕೆ ಅಗತ್ಯವಾದ ಉದ್ಯಮವಲ್ಲ ಎಂಬುದು ಸರ್ಕಾರದ ನಿಲುವು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು.

ಈ ನಿರಾಕರಣೆಯನ್ನು ಗಮನಿಸದಿದ್ದರೆ ಮುಂದಿನ ಘಟನೆಗಳ ಅರ್ಥವಾಗುವುದಿಲ್ಲ. ಜನರು ಬಳಸುವ ವಾಹನಕ್ಕೆ ಒಪ್ಪಿಗೆ ಸಿಗದಿದ್ದಾಗ, ಯುದ್ಧಕ್ಕೆ ಬೇಕಾದ ವಸ್ತುವಿನ ಮೂಲಕವಾದರೂ ಭಾರೀ ಯಂತ್ರೋದ್ಯಮ ದೇಶದೊಳಕ್ಕೆ ಬರಲಿ ಎಂದು ವಾಲ್‌ಚಂದ್ ಯೋಚಿಸಿದರು.

ಬೆಂಗಳೂರಿನ ವಿಮಾನ ಕಾರ್ಖಾನೆ

1939ರ ಕೊನೆಯ ಭಾಗದಲ್ಲಿ ಅಮೆರಿಕದಿಂದ ಹಿಂತಿರುಗುತ್ತಿದ್ದ ವಿಮಾನಪ್ರಯಾಣದಲ್ಲಿ ವಾಲ್‌ಚಂದ್ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಪರಿಚಯವಾಯಿತು. ಜಪಾನಿನ ಆಕ್ರಮಣವನ್ನು ಎದುರಿಸುತ್ತಿದ್ದ ಚೀನಾ ಸರ್ಕಾರಕ್ಕೆ ಪಾಲಿ ಯುದ್ಧವಿಮಾನಗಳನ್ನು ಮಾರುತ್ತಿದ್ದರು, ಚೀನಾದಲ್ಲಿಯೇ ಅವುಗಳನ್ನು ಜೋಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ಅಂತಹುದೇ ಕಾರ್ಖಾನೆ ಭಾರತದಲ್ಲಿ ಏಕಾಗಬಾರದು ಎಂಬ ವಿಚಾರ ಅಲ್ಲಿಂದ ಹುಟ್ಟಿತು. ವಾಲ್‌ಚಂದ್ ಸರ್ಕಾರಕ್ಕೆ ಪ್ರಸ್ತಾವ ಕಳುಹಿಸಿದರು. ಮೊದಲು ಬಂದ ಪ್ರತಿಕ್ರಿಯೆ ನೀರಸವಾಗಿತ್ತು. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಗಿ, ಬ್ರಿಟನ್ನಿನಿಂದ ವಸಾಹತುಗಳಿಗೆ ಸಾಮಗ್ರಿ ಬರುವುದು ದುಸ್ತರವಾದ ಮೇಲೆ ಸರ್ಕಾರದ ಧೋರಣೆ ಬದಲಾಯಿತು.

ಬಂಡವಾಳ ಮತ್ತು ನೆಲಕ್ಕಾಗಿ ವಾಲ್‌ಚಂದ್ ಮೈಸೂರಿನತ್ತ ತಿರುಗಿದರು. ಮೋಟಾರು ಕಾರ್ಖಾನೆ ಕೈತಪ್ಪಿದ ಬೇಸರ ಮಿರ್ಜಾ ಅವರಿಗೂ ಇದ್ದಿರಬೇಕು. ಮೈಸೂರು ಸರ್ಕಾರ ಭೂಮಿಯನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಒದಗಿಸಿತು. 1940ರ ಡಿಸೆಂಬರ್ 23ರಂದು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮೊದಲ ಕಚೇರಿ ದೊಮ್ಮಲೂರು ರಸ್ತೆಯ ಈವನ್‌ಟೈಡ್ ಎಂಬ ಬಂಗಲೆಯಲ್ಲಿತ್ತು. ತುಲಸೀದಾಸ್ ಕಿಲಾಚಂದ್ ಮತ್ತು ಧರಮ್‌ಸೀ ಖಟಾವ್ ಅವರು ವಾಲ್‌ಚಂದ್ ಜೊತೆ ಹಣ ಹೂಡಿದರು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಮೂರನೆಯ ಪಾಲುದಾರನಾಗಿ ಸೇರಿತು.

ಸರ್ಕಾರ ನೀಡಿದ ಬೇಡಿಕೆಯಲ್ಲಿ ಹಾರ್ಲೋ ತರಬೇತಿ ವಿಮಾನಗಳು, ಕರ್ಟಿಸ್ ಹಾಕ್ ಯುದ್ಧವಿಮಾನಗಳು ಮತ್ತು ವಲ್ಟೀ ಬಾಂಬರ್‌ಗಳು ಸೇರಿದ್ದವು. ಜೋಡಣೆಗೆ ಬಂದ ಭಾಗಗಳೂ ಸಲಕರಣೆಗಳೂ ಪಾಲಿ ಅವರ ಚೀನಾ ವ್ಯವಹಾರದೊಡನೆ ಸಂಬಂಧವುಳ್ಳವು. ಬರ್ಮಾ ಗಡಿಯ ಸಮೀಪ ಲೋಯ್‌ವಿಂಗ್‌ನಲ್ಲಿದ್ದ ಅವರ ಕಾರ್ಖಾನೆಯ ಮೇಲೆ 1940ರ ಅಕ್ಟೋಬರ್‌ನಲ್ಲಿ ಜಪಾನೀಯರು ಬಾಂಬು ಹಾಕಿದ್ದರು. ಚೀನಾಕ್ಕೆಂದು ರೂಪಿಸಿದ್ದ ಮಾದರಿಯ ಹಾಕ್ ವಿಮಾನಗಳು ಹೀಗೆ ಬೆಂಗಳೂರಿನಲ್ಲಿ ಬ್ರಿಟಿಷ್ ವಾಯುಪಡೆಗಾಗಿ ಸಿದ್ಧವಾಗತೊಡಗಿದವು. 1941ರಲ್ಲಿ ಮೊದಲ ಹಾರ್ಲೋ, 1942ರಲ್ಲಿ ಮೊದಲ ಹಾಕ್ ಹೊರಬಂದವು. 48 ಹಾಕ್‌ಗಳಿಗೆ ಬೇಡಿಕೆ ಇದ್ದರೂ ಪೂರ್ಣಗೊಂಡವು ಐದು ಮಾತ್ರ.

ಲೋಕಾಭಿಪ್ರಾಯ

1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರು ಭಾರತೀಯ ಪ್ರತಿನಿಧಿಗಳೊಡನೆ ಸಮಾಲೋಚಿಸದೆ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ್ದರು. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರಿಂದ ವೈಯಕ್ತಿಕ ಸತ್ಯಾಗ್ರಹ ಆರಂಭವಾಯಿತು. ಬ್ರಿಟಿಷರ ಯುದ್ಧಪ್ರಯತ್ನಕ್ಕೆ ಜನಬಲದಿಂದಾಗಲಿ ಧನಬಲದಿಂದಾಗಲಿ ನೆರವಾಗುವುದು ತಪ್ಪು ಎಂದು ಸಾರಿ ಬಂಧನಕ್ಕೊಳಗಾಗುವುದೇ ಸತ್ಯಾಗ್ರಹದ ಕ್ರಮವಾಗಿತ್ತು. ಕರ್ನಾಟಕದ ಕಾಂಗ್ರೆಸ್ಸಿಗರೂ ಇದರಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು. ವಾಲ್‌ಚಂದ್ ಅವರ ಹುಟ್ಟೂರಿಗೂ ಸರ್ಕಾರದೊಡನೆ ಹಳೆಯ ಲೆಕ್ಕವಿತ್ತು. 1930ರಲ್ಲಿ ಸೊಲ್ಲಾಪುರ ಸೈನಿಕ ಶಾಸನಕ್ಕೊಳಪಟ್ಟಿತ್ತು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಾತಿಗಳನ್ನು ಗಲ್ಲಿಗೇರಿಸಲಾಗಿತ್ತು.

ಇಂತಹ ಸಂದರ್ಭದಲ್ಲಿ ಭಾರತೀಯನೊಬ್ಬ ಯುದ್ಧವಿಮಾನದ ಕಾರ್ಖಾನೆ ತೆರೆದರೆ ಅದು ಸತ್ಯಾಗ್ರಹಿಗಳು ಖಂಡಿಸುತ್ತಿದ್ದ ನೆರವೇ ಆಗುವುದಿಲ್ಲವೇ? ಅಹಿಂಸೆಯನ್ನು ಪೂರ್ಣವಾಗಿ ಒಪ್ಪಿದವರ ಪಾಲಿಗೆ ಉತ್ತರ ಸ್ಪಷ್ಟವಿತ್ತು. ಇತರರ ಪಾಲಿಗೆ ಅಷ್ಟು ಸರಳವಾಗಿರಲಿಲ್ಲ. ಸಾಮ್ರಾಜ್ಯದ ಯುದ್ಧವನ್ನು ವಿರೋಧಿಸುತ್ತಿದ್ದ ಜನರೇ ಚೀನಾದ ಬಗ್ಗೆ ಗಾಢವಾದ ಸಹಾನುಭೂತಿ ಉಳ್ಳವರಾಗಿದ್ದರು. ಕಾಂಗ್ರೆಸ್ 1938ರಲ್ಲಿ ಚೀನಾಕ್ಕೆ ವೈದ್ಯಕೀಯ ತಂಡವನ್ನು ಕಳುಹಿಸಿತ್ತು, 1939ರ ಆಗಸ್ಟ್‌ನಲ್ಲಿ ಜವಾಹರಲಾಲ್ ನೆಹರೂ ಅಲ್ಲಿಗೆ ಹೋಗಿಬಂದಿದ್ದರು. ಆ ವೈದ್ಯಕೀಯ ತಂಡದ ದ್ವಾರಕಾನಾಥ ಕೋಟ್ನಿಸ್ ಕೂಡ ಸೊಲ್ಲಾಪುರದವರೇ. ಒಂದೇ ಊರಿನ ಒಬ್ಬರು ಯುದ್ಧಭೂಮಿಗೆ ಔಷಧಿ ಹಿಡಿದು ಹೋದರು, ಇನ್ನೊಬ್ಬರು ಅದೇ ಯುದ್ಧದಿಂದ ವಿಮಾನ ಕಾರ್ಖಾನೆಯ ಕಲ್ಪನೆಯನ್ನು ಹೊತ್ತು ತಂದರು.

ವಾಲ್‌ಚಂದ್ ಅವರ ವಾದ ರಾಷ್ಟ್ರೀಯ ಕೈಗಾರಿಕೆಯ ವಾದವಾಗಿತ್ತು. ಯುದ್ಧ ಇಂದಲ್ಲ ನಾಳೆ ಮುಗಿಯುತ್ತದೆ, ಕಾರ್ಖಾನೆ ಮತ್ತು ಕೆಲಸ ಕಲಿತ ಕೈಗಳು ದೇಶದಲ್ಲಿಯೇ ಉಳಿಯುತ್ತವೆ ಎಂಬುದು ಅದರ ಸಾರ. ರಾಷ್ಟ್ರೀಯ ನಾಯಕರಲ್ಲಿ ಅನೇಕರು ಇದನ್ನು ಬಹುಮಟ್ಟಿಗೆ ಒಪ್ಪಿದ್ದರು ಎಂಬುದಕ್ಕೆ ವಿಶಾಖಪಟ್ಟಣದ ಹಡಗುಕಟ್ಟೆ ಸಾಕ್ಷಿಯಾಗಿದೆ. ವೈಯಕ್ತಿಕ ಸತ್ಯಾಗ್ರಹ ಇನ್ನೂ ಜಾರಿಯಲ್ಲಿದ್ದಾಗಲೇ, 1941ರ ಜೂನ್ 21ರಂದು, ಸಿಂಧಿಯಾ ಕಂಪನಿಯ ಈ ಹಡಗುಕಟ್ಟೆಗೆ ಶಂಕುಸ್ಥಾಪನೆ ಮಾಡಿದವರು ಗಾಂಧೀಜಿಯವರ ನಿಕಟ ಅನುಯಾಯಿಗಳಾದ ಬಾಬು ರಾಜೇಂದ್ರ ಪ್ರಸಾದರು. ಅಲ್ಲಿ ಕಟ್ಟಲು ಉದ್ದೇಶಿಸಿದ್ದು ವ್ಯಾಪಾರಿ ಹಡಗುಗಳನ್ನು, ನಿಜ. ಆದರೆ ಯುದ್ಧಕಾಲದಲ್ಲಿ ವ್ಯಾಪಾರಿ ಹಡಗೂ ಸೈನ್ಯದ ಸರಂಜಾಮನ್ನೇ ಹೊರುತ್ತದೆ. ಉದ್ಯಮ ಬೇರೆ, ಯುದ್ಧಪ್ರಯತ್ನ ಬೇರೆ ಎಂಬ ಗೆರೆಯನ್ನು ಲೋಕಾಭಿಪ್ರಾಯ ಅನುಕೂಲಕ್ಕೆ ತಕ್ಕಂತೆ ಎಳೆದುಕೊಂಡಿತು ಎಂದು ಟೀಕಿಸಬಹುದು. ಪರಾಧೀನ ದೇಶಕ್ಕೆ ಬೇರೆ ದಾರಿ ಇರಲಿಲ್ಲ ಎಂದೂ ವಾದಿಸಬಹುದು. ಸಾಮ್ರಾಜ್ಯಶಾಹಿ ಯುದ್ಧವೆಂದು ವಿರೋಧಿಸುತ್ತಿದ್ದ ಕಮ್ಯೂನಿಸ್ಟರು 1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಎರಗಿದ ನಂತರ ತಮ್ಮ ನಿಲುವನ್ನು ಬದಲಿಸಿದರು. ಹೀಗಾಗಿ ಒಂದೇ ವಿಮಾನದ ಬಗ್ಗೆ ಒಂದೇ ವರ್ಷದೊಳಗೆ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳು ಒಂದೇ ಪಕ್ಷದವರಿಂದ ಬಂದದ್ದೂ ಉಂಟು.

ಮೈಸೂರು ಸಂಸ್ಥಾನದ ಪರಿಸ್ಥಿತಿ ಬೇರೆಯಾಗಿತ್ತು. ಸಂಸ್ಥಾನ ಯುದ್ಧದಲ್ಲಿ ಬ್ರಿಟಿಷರ ಪರವಾಗಿತ್ತು. ಕಾರ್ಖಾನೆಯನ್ನು ಅಲ್ಲಿ ಭದ್ರಾವತಿಯ ಕಬ್ಬಿಣ, ಶಿವನಸಮುದ್ರದ ವಿದ್ಯುತ್ತಿನ ಸಾಲಿಗೆ ಸೇರುವ ಇನ್ನೊಂದು ಕೈಗಾರಿಕೆಯಾಗಿ ಕಾಣಲಾಯಿತು. ತಾಂತ್ರಿಕ ಶಿಕ್ಷಣ ಪಡೆದ ಯುವಕರಿಗೆ ಅದು ಉದ್ಯೋಗದ ಬಾಗಿಲಾಗಿತ್ತು.

ಸರ್ಕಾರದ ವಶಕ್ಕೆ

1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಿತು. ಯುದ್ಧ ಭಾರತದ ಬಾಗಿಲಿಗೆ ಬಂದಾಗ, ಇಷ್ಟು ಮಹತ್ವದ ಕಾರ್ಖಾನೆ ಖಾಸಗಿಯವರ ಕೈಯಲ್ಲಿ ಇರುವುದು ಸರ್ಕಾರಕ್ಕೆ ಸರಿಕಾಣಲಿಲ್ಲ. 1942ರ ಏಪ್ರಿಲ್‌ನಲ್ಲಿ ವಾಲ್‌ಚಂದ್ ಮತ್ತು ಅವರ ಸಂಗಡಿಗರ ಪಾಲನ್ನು ಸರ್ಕಾರ ಕೊಂಡುಕೊಂಡಿತು. ಮೈಸೂರು ಸರ್ಕಾರ ತನ್ನ ಷೇರುಗಳನ್ನು ಉಳಿಸಿಕೊಂಡರೂ ಆಡಳಿತದ ಅಧಿಕಾರವನ್ನು ಬಿಟ್ಟುಕೊಟ್ಟಿತು. ತಯಾರಿಕೆಯನ್ನು ಬದಿಗಿರಿಸಿ ದುರಸ್ತಿಗೆ ಆದ್ಯತೆ ನೀಡಲಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ಹೋಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂದು ನೊರೆಗೂ ಹೂಳಿಗೂ ಹೆಸರಾದ ಆ ಕೆರೆಯನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ.

ವಾಲ್‌ಚಂದ್ ಅವರ ಪಾಲಿಗೆ ಇದು ಕಹಿಯಾದ ಅಂತ್ಯ. ಬೇರೆಯವರ ಯುದ್ಧಕ್ಕೆ ವಿಮಾನ ಮಾರಿಯಾದರೂ ದೇಶದಲ್ಲಿ ತಯಾರಿಕೆ ನೆಲೆಗೊಳ್ಳಲಿ ಎಂಬ ಅವರ ಲೆಕ್ಕಾಚಾರ, ಕೊಳ್ಳುವವನೇ ಕಾರ್ಖಾನೆಯ ಒಡೆಯನೂ ಆಗಿಬಿಟ್ಟಾಗ ತಲೆಕೆಳಗಾಯಿತು. ಅದೇ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಹಡಗುಕಟ್ಟೆಯ ಕೆಲಸವೂ ಕುಂಠಿತವಾಯಿತು.

ಕೊನೆಯ ವರ್ಷಗಳು

ಸ್ವಾತಂತ್ರ್ಯಾನಂತರ 1948ರ ಮಾರ್ಚ್ 14ರಂದು ವಿಶಾಖಪಟ್ಟಣದಲ್ಲಿ ಕಟ್ಟಿದ ಜಲ ಉಷಾ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. ಮರುವರ್ಷ ವಾಲ್‌ಚಂದ್ ಪಾರ್ಶ್ವವಾಯುವಿಗೆ ತುತ್ತಾದರು. 1950ರಲ್ಲಿ ಉದ್ಯಮಗಳ ಹೊಣೆಯಿಂದ ನಿವೃತ್ತರಾದರು. 1952ರಲ್ಲಿ ಹಡಗುಕಟ್ಟೆಯ ಬಹುಪಾಲು ಷೇರುಗಳನ್ನೂ ಸರ್ಕಾರ ಪಡೆದುಕೊಂಡು ಹಿಂದೂಸ್ತಾನ್ ಶಿಪ್‌ಯಾರ್ಡ್ ಸ್ಥಾಪಿಸಿತು. ಪತ್ನಿ ಕಸ್ತೂರಬಾಯಿ ಅವರ ಆರೈಕೆಯಲ್ಲಿದ್ದ ವಾಲ್‌ಚಂದ್ 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು.

ನಂತರದ ಬೆಳವಣಿಗೆ

ಯುದ್ಧದ ಬಳಿಕ ಬೆಂಗಳೂರಿನ ಕಾರ್ಖಾನೆ ಭಾರತ ಸರ್ಕಾರಕ್ಕೆ ಮರಳಿತು, 1951ರಲ್ಲಿ ರಕ್ಷಣಾ ಸಚಿವಾಲಯದ ಅಧೀನಕ್ಕೆ ಬಂದಿತು. ಕೊಲ್ಲಾಪುರ ಪ್ರದೇಶದಲ್ಲಿ ಹುಟ್ಟಿ ಜರ್ಮನಿಯಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಅವರ ಬಳಿ ಅಧ್ಯಯನ ಮಾಡಿದ್ದ ಡಾ. ವಿ. ಎಂ. ಘಾಟಗೆಯವರು ಇಲ್ಲಿ ವಿನ್ಯಾಸಗೊಳಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. 1959ರಲ್ಲಿ ಘಾನಾ ದೇಶ ತನ್ನ ವಾಯುಪಡೆಯನ್ನು ಕಟ್ಟತೊಡಗಿದಾಗ ಬೆಂಗಳೂರಿನಿಂದ 12 ಎಚ್.ಟಿ.-2 ವಿಮಾನಗಳನ್ನು ಪಡೆಯಿತು. ಅಲ್ಲಿನ ಯುವಕರಿಗೆ ಹಾರಾಟ ಕಲಿಸಲು ಭಾರತೀಯ ಶಿಕ್ಷಕರೂ ಹೋದರು. ಎರಡು ವರ್ಷಗಳ ಹಿಂದಷ್ಟೇ ಬ್ರಿಟಿಷರಿಂದ ಬಿಡುಗಡೆ ಹೊಂದಿದ್ದ ದೇಶಕ್ಕೆ ತರಬೇತಿ ವಿಮಾನ ಕೊಡುವುದು ಯುದ್ಧವ್ಯಾಪಾರಕ್ಕಿಂತ ಸ್ನೇಹದ ಕೆಲಸಕ್ಕೆ ಹತ್ತಿರವಾಗಿತ್ತು.

1964ರಲ್ಲಿ ಕಂಪನಿ ಬೇರೆ ಘಟಕಗಳೊಡನೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಪಡೆಯಿತು. ಮುಂದಿನ ಮಾರಾಟಗಳ ಬಗ್ಗೆ ಸಾರ್ವಜನಿಕ ಚರ್ಚೆ ಎರಡು ಬಗೆಯಲ್ಲಿ ನಡೆದಿದೆ. ಧ್ರುವ ಹೆಲಿಕಾಪ್ಟರ್ ಸೈನಿಕ ಆಡಳಿತವಿದ್ದ ಮ್ಯಾನ್ಮಾರ್‌ಗೆ ಹೋಗಬಹುದೆಂಬ ವರದಿಗಳ ಹಿನ್ನೆಲೆಯಲ್ಲಿ 2007ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮುಂತಾದ ಸಂಘಟನೆಗಳು ಆಕ್ಷೇಪಿಸಿದವು: ಅದರಲ್ಲಿ ಯುರೋಪಿನ ಭಾಗಗಳಿದ್ದವು, ಮ್ಯಾನ್ಮಾರ್‌ಗೆ ಶಸ್ತ್ರ ಒದಗಿಸುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿತ್ತು. ಇದು ಮಾರಬಹುದೇ ಎಂಬ ಪ್ರಶ್ನೆ. ಈಕ್ವೆಡಾರ್ ದೇಶ ಕೊಂಡ ಏಳು ಧ್ರುವ ಹೆಲಿಕಾಪ್ಟರ್‌ಗಳಲ್ಲಿ ನಾಲ್ಕು ಅಪಘಾತಕ್ಕೀಡಾಗಿ 2015ರಲ್ಲಿ ಒಪ್ಪಂದ ರದ್ದಾದಾಗ ಎದ್ದದ್ದು ಗುಣಮಟ್ಟದ ಪ್ರಶ್ನೆ. ಭಾರತದ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಪಡೆದದ್ದು ಎರಡನೆಯದೇ. 1940ರಲ್ಲಿ ಸೆರೆಮನೆಗೆ ಕೊಂಡೊಯ್ಯುವಷ್ಟು ಗಂಭೀರವಾಗಿದ್ದ ಮೊದಲ ಪ್ರಶ್ನೆ ಈಗ ಅಪರೂಪಕ್ಕೆ ಕೇಳಿಬರುತ್ತದೆ.

ಸ್ಮರಣೆ

ಸಾಂಗ್ಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಮತ್ತು ಸೊಲ್ಲಾಪುರದ ವಾಲ್‌ಚಂದ್ ತಂತ್ರಜ್ಞಾನ ಸಂಸ್ಥೆ ಇವರ ಹೆಸರಿನಲ್ಲಿವೆ. ಇಂದಿನ ಗದಗ ಜಿಲ್ಲೆಯ ಶಿರಹಟ್ಟಿ ಸ್ವಾತಂತ್ರ್ಯಪೂರ್ವದಲ್ಲಿ ಸಾಂಗ್ಲಿ ಸಂಸ್ಥಾನದ ಭಾಗವಾಗಿತ್ತು. ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದಲ್ಲಿ ಸಕ್ಕರೆಯೊಂದಿಗೆ ಆರಂಭವಾದ ಉದ್ಯಮ ಮುಂದೆ ಭಾರೀ ಯಂತ್ರಗಳ ತಯಾರಿಕೆಗೆ ವಿಸ್ತರಿಸಿ, ರಕ್ಷಣೆ ಮತ್ತು ಬಾಹ್ಯಾಕಾಶ ಕ್ಷೇತ್ರಗಳಿಗೂ ಸಾಮಗ್ರಿ ಒದಗಿಸಿದೆ. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.